ಎಂಟು ತೇಪೆಯ ಪುಸ್ತಕ

ಬೆಳಗಾವಿಯ ಖಡೇಬಜಾರಿನ ಸಂದಿಯಲ್ಲಿ ಸಮೃದ್ಧಿಯ ಸ್ಕೂಟಿ ಕಂಡದ್ದೇ ತಡ, ಗನಿ ಚಾಚಾ ಬಣ್ಣ ಮೆತ್ತಿದ ಎರಡೂ ಕೈ ಮೇಲೆತ್ತಿ ತನ್ನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯ ಮೆಟ್ಟಿಲಿನಿಂದಲೇ ಕೂಗಿದ.

"ಬಾ ಮಗಳ, ಬಾ! ಇನ್ನೂರಕ್ಕ ಇನ್ನೂರೂ ಆಗ್ಯಾವ. ಒಂದೂ ಹಾಳಿ ಕೆಟ್ಟಿಲ್ಲ!"

ಸ್ಕೂಟಿಗೆ ಸ್ಟ್ಯಾಂಡ್ ಹಾಕುವಷ್ಟೂ ತಾಳ್ಮೆ ಅವಳಿಗಿರಲಿಲ್ಲ. ಗೋಡೆಗೆ ಒರಗಿಸಿ ಒಳಗೆ ಓಡಿದಳು. ಮದುವೆ ಕಾರ್ಡು ಒಣಗಿಸುವ ಚೌಕಟ್ಟಿನ ತುಂಬ ಅವಳ ಹಾಳೆಗಳು! ನೀಲಿ ಮತ್ತು ಕುಂಕುಮದ ಕೆಂಪು, ಎರಡೇ ಬಣ್ಣ. ಹತ್ತಿ ಚಿಂದಿಯಿಂದ ಮಾಡಿದ ದಪ್ಪ ಕಾಗದದ ಮೇಲೆ ಅವು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ, ಅವಳು ಮೂಗು ಹತ್ತಿರ ಒಯ್ದು ವಾಸನೆ ನೋಡಿದಳು.

ನಾಲ್ಕು ವರ್ಷದಿಂದ ಅವಳು ಝೀನ್ ಮಾಡುತ್ತಿದ್ದಳು. ತಾನೇ ಬರೆದು, ತಾನೇ ಚಿತ್ರ ಬಿಡಿಸಿ, ತಾನೇ ಮಡಿಸಿ, ಕೈಯಾರೆ ಹಂಚುವ ಪುಟಾಣಿ ಪುಸ್ತಕ. ಮೊದಲನೆಯದು ಬಸ್ ಟಿಕೀಟುಗಳ ಮೇಲೆ, ಎರಡನೆಯದು ಖಾನಾಪುರದ ಕುಂಬಾರರ ಮೇಲೆ. ಎಲ್ಲ ಝೆರಾಕ್ಸ್. ಹೊಟ್ಟೆಪಾಡಿಗೆ ಗನಿ ಚಾಚಾನ ಅಂಗಡಿಗೆ ಮದುವೆ ಕಾರ್ಡಿನ ಡಿಸೈನು, ಬಿಡುವಿದ್ದಾಗ ಬಟ್ಟೆ ತುಂಡುಗಳಿಂದ ನೋಟ್‌ಬುಕ್ಕಿನ ಹೊದಿಕೆ. ಬೆಳಗಾವಿಯ ಪುಸ್ತಕ ಸಂತೆಯವರು ಎರಡು ಸಲ ಅವಳ ಅರ್ಜಿ ಹಿಂದಿರುಗಿಸಿದ್ದರು. "ಇದು ಕರಕುಶಲ, ನಮ್ಮಲ್ಲಿ ಪುಸ್ತಕಕ್ಕೆ ಮಾತ್ರ ಮೇಜು" ಎಂದು. ಈ ಸಲ ಅಜ್ಜಿ ಶಿವಲಿಂಗವ್ವ ಹಳೆ ಬಟ್ಟೆಯ ತೇಪೆ ಸೇರಿಸಿ ಕೌದಿ ಹೊಲಿಯುತ್ತ ಹಾಡುವ ಎಂಟು ಪದಗಳನ್ನು ಚಿತ್ರದೊಂದಿಗೆ ಎಂಟು ಪುಟಕ್ಕೆ ಇಳಿಸಿ, ಮಾದರಿ ಮಡಿಸಿ ಕಳಿಸಿದ್ದಳು. ಮೇಜು ಸಿಕ್ಕಿತ್ತು! ಸಂತೆ ನಾಳೆ ಬೆಳಿಗ್ಗೆ ಹತ್ತಕ್ಕೆ. ಅಜ್ಜಿಯೂ ಬರುವವಳಿದ್ದಳು.

"ಇನ್ನೊಂದ ಮಾತ ಹೇಳ್ತೇನಿ, ಸಿಟ್ಟಿಗೇಳಬ್ಯಾಡ," ಎಂದ ಚಾಚಾ, ಮುಖದ ತುಂಬ ಹೆಮ್ಮೆ. "ನೀ ಅವಸರದಾಗ ಭಾರೀ ತಪ್ಪ ಮಾಡಿದ್ದಿ ನೋಡ. ಮ್ಯಾಲಿನ ಸಾಲಿನ ನಾಕೂ ಪುಟ ಉಲ್ಟಾ! ಫಿಲಂ ತಗಿಯೂ ಮುಂದ ನನ್ನ ಕಣ್ಣಿಗೆ ಬಿತ್ತು. ಎಲ್ಲಾ ಸೀದಾ ಮಾಡೇನಿ. ಅದಕ್ಕ ಬ್ಯಾರೆ ರೊಕ್ಕ ಕೇಳೂದಿಲ್ಲ."

ಸಮೃದ್ಧಿಯ ಕೈಯಲ್ಲಿದ್ದ ಹಾಳೆ ಹಾಗೇ ನಿಂತಿತು.

ಒಂದೇ ಹಾಳೆಯನ್ನು ಎಂಟು ಮಡಿಕೆ ಮಾಡಿ, ನಡುವೆ ಒಂದು ಸೀಳು ಕೊಟ್ಟರೆ ಅದು ಪುಸ್ತಕವಾಗಿ ತಿರುಗಿಕೊಳ್ಳುತ್ತದೆ. ಮೇಲಿನ ಸಾಲು ತಲೆಕೆಳಗಾಗಿದ್ದರೆ ಮಾತ್ರ ಮಡಿಸಿದಾಗ ನೆಟ್ಟಗಾಗುತ್ತದೆ. ಮೂವತ್ತು ವರ್ಷ ಲಗ್ನಪತ್ರಿಕೆ ಮುದ್ರಿಸಿದ ಚಾಚಾನಿಗೆ ಅದನ್ನು ಹೇಳಬೇಕಾದವಳು ಅವಳೇ. ಹೇಳಿರಲಿಲ್ಲ.

"ಚಾಚಾ... ಸ್ಕ್ರೀನ್ ಅದಾವೇನ್ರಿ ಇನ್ನಾ?"

"ತೊಳದ ಇಟ್ಟೇನಲ್ಲ! ಯಾಕವಾ, ಮಾರಿ ಯಾಕ ಸಣ್ಣ ಆತು?"

ತೊಳೆದ ಸ್ಕ್ರೀನಿನಲ್ಲಿ ಅಚ್ಚು ಉಳಿಯುವುದಿಲ್ಲ. ಕಾಗದವೂ ಮುಗಿದಿತ್ತು. ಮತ್ತೆ ತರಿಸಲು ಮೂರು ವಾರ ಬೇಕು. ಚಾಚಾನ ಕಣ್ಣುಗಳು ಮಗುವಿನಂತೆ ಅವಳ ಮುಖವನ್ನೇ ನೋಡುತ್ತಿದ್ದವು.

"ಏನಿಲ್ಲರಿ. ಭಾಳ ಚಂದ ಬಂದಾವ," ಎಂದು ಕಟ್ಟು ಎತ್ತಿಕೊಂಡಳು.

ಅಜ್ಜಿಯನ್ನು ಕರೆತರಲು ಸ್ಕೂಟಿ ಬಿಟ್ಟು ಹೊರಟವಳು, ಖಾನಾಪುರದಲ್ಲಿ ಬಸ್ ಬದಲಿಸಿ ಅಜ್ಜಿಯ ಊರು ಪಾರಿಶ್ವಾಡ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ. ದಾರಿಯುದ್ದಕ್ಕೂ ಒಂದು ಹಾಳೆ ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ ನೋಡಿದ್ದಳು. ಹೇಗೆ ಮಡಿಸಿದರೂ ನಾಲ್ಕು ಪುಟ ಕಾಲು ಮೇಲೆ ಮಾಡಿಕೊಂಡು ಮಲಗುತ್ತಿದ್ದವು.

ಅಜ್ಜಿ ಪಡಸಾಲೆಯಲ್ಲಿ ಅರ್ಧ ಹೊಲಿದ ಕೌದಿಯ ಮೇಲೆ ಕೂತಿದ್ದಳು. ಎದುರಿಗೆ ಓಣಿಯ ಚಂದ್ರವ್ವ, ಬಾಯಲ್ಲಿ ದಾರ.

"ಬಂತs ನಮ್ಮ ಪುಸ್ತಕ!" ಎಂದಳು ಅಜ್ಜಿ. "ತೋರಸ, ತೋರಸ. ಚಂದ್ರಿ, ಕೈ ಒರಸ್ಕೊ, ಇದ ನನ್ನ ಪುಸ್ತಕ."

"ಓದಾಕ ಬರೂದಿಲ್ಲ, ಪುಸ್ತಕ ಮಾಡ್ಯಾಳ ಇಕಿ," ಎಂದು ಚಂದ್ರವ್ವ ನಕ್ಕಳು.

"ಆಯಿ, ಕೆಟ್ಟೈತಿ ಅದು," ಎಂದು ಸಮೃದ್ಧಿ ದಾರಿಯಲ್ಲಿ ಮಡಿಸಿದ್ದ ಹಾಳೆಯನ್ನು ಅವಳ ಮುಂದಿಟ್ಟಳು. "ಪುಸ್ತಕನ ಆಗಾಂಗಿಲ್ಲ. ನಾಳೆ ಬರೇ ಮೇಜಿನ ಮುಂದ ಕುಂದರಬೇಕು."

ಅಜ್ಜಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಹಾಳೆಯನ್ನು ಕೌದಿಯ ಮೇಲೆ ಅಗಲವಾಗಿ ಹಾಸಿ, ಅಂಗೈಯಿಂದ ಮಡಿಕೆ ನೀವಿದಳು. ಎಂಟು ಚಿತ್ರ, ಮೇಲೆ ನಾಲ್ಕು, ಕೆಳಗೆ ನಾಲ್ಕು. ಅವಳ ಬೆರಳು ಕೆಳಗಿನ ಬಲಗೈ ಮೂಲೆಯ ಸೂಜಿಯ ಚಿತ್ರದ ಮೇಲೆ ನಿಂತಿತು. ಅಕ್ಷರ ಗೊತ್ತಿಲ್ಲದಿದ್ದರೂ ಸೂಜಿ ಗೊತ್ತಿತ್ತು. ಮೊದಲ ಪದ ತಾನಾಗಿ ಬಾಯಿಗೆ ಬಂತು. ಬೆರಳು ಮೇಲಕ್ಕೆ ಸರಿಯಿತು, ಅಲ್ಲಿ ಎರಡನೆಯ ಪದ. ಎಡಕ್ಕೆ ಹೊರಳಿತು, ಮೂರನೆಯದು, ನಾಲ್ಕನೆಯದು...

*ಹರಿದ ಸೀರ್ಯಾಗ ಹಗಲ, ಹಳೆ ಧೋತ್ರದಾಗ ಇರುಳ*
*ಎರಡೂ ಕೂಡಿಸಿ ಹೊಲದೇನೊ – ಶಿವನೆ*
*ಹೊಚಗೊಂಡ ನಿದ್ದಿ ಮಾಡೊ*

ಸಮೃದ್ಧಿಗೆ ಮೈಮೇಲೆ ಮುಳ್ಳೆದ್ದವು. ಪದಕ್ಕಲ್ಲ, ಬೆರಳಿಗೆ! ಮೂಲೆಯಿಂದ ಹೊರಟ ಬೆರಳು ಅಂಚು ಹಿಡಿದು, ಎಡಕ್ಕೆ ಹೋಗಿ, ಕೆಳಗಿಳಿದು, ಮತ್ತೆ ಬಲಕ್ಕೆ ಬರುತ್ತಿತ್ತು. ಒಂದು ಪದವೂ ತಪ್ಪಲಿಲ್ಲ, ಒಂದು ಚಿತ್ರವೂ ಹಿಂದುಮುಂದಾಗಲಿಲ್ಲ.

"ಆಯಿ! ಹಂಗ ಯಾಕ ಸುತ್ತಿದಿ?"

"ಮತ್ತ ಹೆಂಗ ಸುತ್ತಬೇಕ? ಕೌದಿ ಮೂಲಿಯಿಂದ ಸುರು ಮಾಡಿ ಸುತ್ತಾಕಿ ಒಳಗ ಬರ್ತೀವಿ. ನೀನs ಹಂಗ ಬರದೀಯಲ್ಲ."

ಬರೆದಿರಲಿಲ್ಲ. ಮಡಿಕೆಯ ಲೆಕ್ಕಕ್ಕೆ ಪುಟಗಳು ಹಾಗೆ ಕೂತಿದ್ದವು. ನಾಲ್ಕು ವರ್ಷ ಮಡಿಸಿದರೂ ಅವಳು ಹಾಳೆಯನ್ನು ಒಮ್ಮೆಯೂ ಹಾಸಿ ಓದಿರಲಿಲ್ಲ. ಮೇಲಿನ ಸಾಲು ತಲೆಕೆಳಗಿದ್ದರೆ ಅಜ್ಜಿಗೂ ಕಾಣುತ್ತಿರಲಿಲ್ಲ. ಚಾಚಾ ಎಲ್ಲವನ್ನೂ ಸೀದಾ ಮಾಡಿದ್ದ!

"ಮಡಸೂದs ಬ್ಯಾಡ!" ಸಮೃದ್ಧಿ ಎದ್ದು ಕುಣಿದೇಬಿಟ್ಟಳು. "ಹಾಸೂ ಪುಸ್ತಕ ಇದು! ಸೀಳೂದೂ ಬ್ಯಾಡ!"

"ಹುಚ್ಚ ಹಿಡೀತೇನ ಇಕಿಗೆ?" ಎಂದಳು ಚಂದ್ರವ್ವ.

ಆದರೆ ಅಜ್ಜಿ ಹಾಳೆಯ ನಟ್ಟನಡುವೆ ಉಗುರಿನಿಂದ ಕುಟ್ಟುತ್ತಿದ್ದಳು. "ಎಲ್ಲಾ ಖರೇ. ಇದರ ಹೊಟ್ಟಿ ಎಲ್ಲೈತಿ?"

ಕೌದಿಯ ಕಡೆಯ ತೇಪೆ ಮುಚ್ಚುವ ಮೊದಲು ಅದರೊಳಗೆ ಒಂದಿಷ್ಟು ಕಾಳೋ, ರೊಟ್ಟಿಯ ಚೂರೋ ಇಡುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವೆಂದು ಅಜ್ಜಿಯ ನಂಬಿಕೆ. ನಡುವೆ, ಸೀಳು ಬೀಳಬೇಕಾಗಿದ್ದ ಜಾಗದಲ್ಲೇ, ಹೆಬ್ಬೆರಳಗಲದ ಬಟ್ಟೆ ಇಟ್ಟು ಮೂರು ಜೋಳದ ಕಾಳು ಸೇರಿಸಿ ಅವಳು ನಾಲ್ಕು ಹೊಲಿಗೆ ಹಾಕಿದಳು. ದಪ್ಪ ಕಾಗದ ಸೂಜಿಯನ್ನು ಬಟ್ಟೆಯ ಹಾಗೆಯೇ ಒಳಗೆ ಬಿಟ್ಟುಕೊಂಡಿತು.

ಚಂದ್ರವ್ವ ಹೊರಗೆ ಹೋಗಿ ಓಣಿಗೇ ಕೇಳುವಂತೆ ಕೂಗಿದಳು. ಇನ್ನೂ ನಾಲ್ವರು ಸೂಜಿ ಹಿಡಿದು ಬಂದರು. ಯಾರದೋ ಇಳಕಲ್ ಸೀರೆಯ ಚೂರು, ಯಾರದೋ ಮಗಳ ಯೂನಿಫಾರ್ಮಿನ ಚೂರು. ಪದ ಹೇಳುತ್ತ, ಒಬ್ಬರನ್ನೊಬ್ಬರು ಚುಚ್ಚುತ್ತ, ಊಟದ ಹೊತ್ತಿಗೆಲ್ಲ ಇನ್ನೂರರ ಹೊಟ್ಟೆಯೂ ತುಂಬಿತ್ತು.

ಮರುದಿನ ಹತ್ತಕ್ಕೆ ಸಂತೆಯ ಸಭಾಂಗಣದಲ್ಲಿ ಸಮೃದ್ಧಿ ಅಜ್ಜಿಯೊಂದಿಗೆ ತನ್ನ ಮೇಜಿಗೆ ಕೂತಿದ್ದಳು. ಸುತ್ತ ಬೆನ್ನು ಕಟ್ಟಿದ, ಹೊದಿಕೆ ಹಾಕಿದ ಪುಸ್ತಕಗಳ ಸಾಲು. ಅವಳ ಮೇಜಿನ ಮೇಲೆ ಹಾಸಿದ ಹಾಳೆಗಳು. ಪಟ್ಟಿ ಹಿಡಿದು ಬಂದ ಸಂಘಟಕ ವಿನಯ ಅಲ್ಲೇ ನಿಂತರು.

"ಸಮೃದ್ಧಿಯವರ, ನೀವು ಕಳಿಸಿದ ಮಾದರಿ ಮಡಚಿದ ಪುಸ್ತಕ ಇತ್ತಲ್ರಿ. ಇದು ಪೋಸ್ಟರ್ ಇದ್ದಾಂಗ ಕಾಣ್ತೈತಿ. ಮೊದಲs ಹೇಳಿದ್ದೆ, ಪುಸ್ತಕಕ್ಕಷ್ಟs ಮೇಜು."

ಅವಳು ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದಳು.

"ಏ ತಮ್ಮಾ, ನೀ ಓದಾಕ ಬರಾಂವಾ ಹೌದಲ್ಲ? ಬೆರಳ ಕೊಡ ಇಲ್ಲಿ."

ವಿನಯ ತಬ್ಬಿಬ್ಬಾಗಿ ಬೆರಳು ಕೊಟ್ಟರು. ಅಜ್ಜಿ ಅದನ್ನು ಸೂಜಿಯ ಚಿತ್ರದ ಮೇಲಿಟ್ಟು ಪದ ಎತ್ತಿದಳು. ಅವರು ಸಾಲು ಓದುತ್ತ ಹೋದರು, ಅಜ್ಜಿಯ ದನಿ ಅದೇ ಸಾಲನ್ನು ಒಂದು ಹೆಜ್ಜೆ ಮುಂದೆಯೇ ಹೇಳುತ್ತಿತ್ತು. ಪಕ್ಕದ ಮೇಜಿನವರು ಕತ್ತು ಚಾಚಿದರು. ಬೆರಳು ಮೇಲೇರಿತು, ಎಡಕ್ಕೆ ಹೋಯಿತು, ಇಳಿಯಿತು, ಬಲಕ್ಕೆ ಬಂತು. ಎಂಟನೆಯ ಪದ ಮುಗಿಸಿ ಅಜ್ಜಿ ಅವರ ಕೈ ಬಿಟ್ಟಳು.

ವಿನಯರ ಬೆರಳು ನಿಲ್ಲಲಿಲ್ಲ. ಎಂಟರ ಪಕ್ಕದಲ್ಲೇ ಸೂಜಿ ಇತ್ತು. ತಾವಾಗಿಯೇ ಅದರ ಮೇಲೆ ಬಂದು, ಈ ಸಲ ತಮ್ಮ ದನಿಯಲ್ಲೇ ಮೊದಲ ಪದ ಓದತೊಡಗಿದರು. ಅರ್ಧಕ್ಕೆ ಎಚ್ಚರವಾದಂತೆ ತಲೆ ಎತ್ತಿ ನಕ್ಕರು.

"ಇದು ಮುಗಿಯೂದs ಇಲ್ಲಲ್ರಿ ಅಜ್ಜಿ!" ಎಂದು ಪಟ್ಟಿಯಲ್ಲಿ ಸಮೃದ್ಧಿಯ ಹೆಸರಿನ ಮುಂದೆ ಗುರುತು ಹಾಕಿದರು. "ಎರಡ ಪ್ರತಿ ನನಗ ತಗದ ಇಡ್ರಿ."

ಅಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಂಪು ಸರಿಸಿಕೊಂಡು ಗನಿ ಚಾಚಾ ಬಂದ. ಹಾಸಿದ ಹಾಳೆಗಳನ್ನು, ಅವುಗಳ ಮೇಲೆ ಬಗ್ಗಿದ ತಲೆಗಳನ್ನು ನೋಡಿ ಅವನ ಎದೆ ಉಬ್ಬಿತು.

"ನೋಡಿದೇನವಾ? ಉಲ್ಟಾ ಬಿಟ್ಟಿದ್ರ ಏನಾಗ್ತಿತ್ತ ಗತಿ?"

"ಹೌದರಿ ಚಾಚಾ," ಎಂದು ಸಮೃದ್ಧಿ ಅವನ ಕೈಯಲ್ಲಿ ಒಂದು ಪ್ರತಿ ಇಟ್ಟಳು. "ಮುಂದಿಂದೂ ನೀವs ಸೀದಾ ಮಾಡಿ ಕೊಡಬೇಕರಿ."

ಚಾಚಾ ನಡುವಿನ ತೇಪೆಯನ್ನು ಬೆರಳಿನಿಂದ ಒತ್ತಿ ನೋಡಿದ. "ಇದರಾಗೇನ ಗಟ್ಟಿ ಹತ್ತತೈತಲ್ಲ?"

"ಊಟ," ಎಂದಳು ಅಜ್ಜಿ, ಮತ್ತೊಬ್ಬರ ಬೆರಳಿಗಾಗಿ ಕೈ ಚಾಚುತ್ತ.