ಮಹೇಂದ್ರ ಮೇಷ್ಟ್ರ ಬಾರ್ಲಿ ಔಷಧಿ

ನಂಜನಗೂಡಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮಹೇಂದ್ರ ಮೇಷ್ಟ್ರು ಮನೆಯ ಹಿಂದಿನ ಕೋಣೆಯಲ್ಲಿ ಬಿಯರ್ ಮಾಡುತ್ತಾನೆ ಎಂದರೆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬದಿರಲಿ ಎಂದೇ ಅವನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದದ್ದು. ಕಾನೂನಿನ ಮಾತು ಹಾಗಿರಲಿ, ಅಬಕಾರಿಯವರಿಗಿಂತ ದೊಡ್ಡ ಭಯ ಅವನ ಅಡುಗೆಮನೆಯಲ್ಲೇ ಸೊಪ್ಪು ಸೋಸುತ್ತ ಕೂತಿತ್ತು. ಅದು ಅವನ ತಾಯಿ ಮಂಚಮ್ಮ.

ಮಂಚಮ್ಮನ ಗಂಡ, ಹೆಮ್ಮಿಗೆಯ ಕರಿಯಪ್ಪ, ಕುಡಿದು ಕುಡಿದೇ ಸತ್ತವನು. ಗದ್ದೆಗೆ ನೀರು ಬಿಟ್ಟರೂ ಕುಡಿಯಬೇಕು, ಬಿಡದಿದ್ದರೂ ಕುಡಿಯಬೇಕು. ಅವನನ್ನು ಮಣ್ಣು ಮಾಡಿ ಬಂದ ದಿನ ಮಹೇಂದ್ರ ತಾಯಿಯ ತಲೆಯ ಮೇಲೆ ಕೈಯಿಟ್ಟು, ಜೀವಮಾನದಲ್ಲಿ ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡು ಅವಳು ಹೆಮ್ಮಿಗೆ ಬಿಟ್ಟು ಮಗನ ಮನೆಗೆ ಬಂದದ್ದು. ಬಂದು ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ಎದುರುಮನೆ ಗುರುಬಸಮ್ಮನ ಮುಂದೆ ಅವಳು ಮಗನನ್ನು ಹೊಗಳದ ದಿನವಿಲ್ಲ.

ಹಾಗಿದ್ದವನು ಕೆಟ್ಟದ್ದು ಎಲ್ಲಿ? ಮೈಸೂರಿನಲ್ಲಿ. ಬಿ.ಎಡ್. ಓದುವಾಗಿನ ಗೆಳೆಯ ರವಿಕುಮಾರ್ ಮನೆಯಲ್ಲೇ, ತಂಪಿನಲ್ಲಿಟ್ಟು ನಿಧಾನಕ್ಕೆ ಹುಳಿಸುವ ಲಾಗರ್ ಬಿಯರ್ ಮಾಡಿ ಕೈ ಪಳಗಿಸಿಕೊಂಡಿದ್ದ. ಹೋದ ವರ್ಷ ಅವನ ಮನೆಗೆ ಹೋದಾಗ ಮಹೇಂದ್ರ ಮೊದಲು ಅರ್ಧ ಲೋಟ ರುಚಿ ನೋಡಿದ, ಆಮೇಲೆ ಉಳಿದರ್ಧ, ಆಮೇಲೆ ಲೆಕ್ಕ ಬೇಡ. ಬರುವಾಗ ಬಸ್ಸಿನಲ್ಲಿ ಏಲಕ್ಕಿ ಅಗಿಯುತ್ತ ತನಗೆ ತಾನೇ ಪಾಠ ಮಾಡಿಕೊಂಡ. ಇದು ಅಂಗಡಿ ಸಾರಾಯಿ ಅಲ್ಲ, ಬಾರ್ಲಿ ಮತ್ತು ಯೀಸ್ಟು, ಒಂಬತ್ತನೇ ಕ್ಲಾಸಿಗೆ ತಾನೇ ಹೇಳಿಕೊಡುವ ಪ್ರಯೋಗ. ಓದಿದವನು ತಪ್ಪು ಮಾಡುವಾಗ ಕಾರಣಕ್ಕೆ ಬರವೇ?

ಹಳೆಯ ಫ್ರಿಜ್ಜೊಂದನ್ನು ತಂದು ಹನ್ನೆರಡು ಡಿಗ್ರಿಗೆ ನಿಲ್ಲಿಸಿದ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಬೇಯಿಸಿ, ಸೋಸಿ, ಆರಿಸಿ, ಯೀಸ್ಟ್ ಬೆರೆಸಿ, ಇಪ್ಪತ್ತು ಲೀಟರಿನ ಬಿಳಿ ಡಬ್ಬದಲ್ಲಿ ಮುಚ್ಚಿಟ್ಟ. ಮಂಚಮ್ಮ ಬಂದು ನೋಡಿ, "ಏನ್ಲಾ ಅದು?" ಎಂದಳು.

"ಔಷಧಿ ಕಣವ್ವ. ಕಿಡ್ನೀಲಿ ಕಲ್ಲದೆ ಅಂದವ್ರೆ ಡಾಕ್ಟ್ರು. ಬಾರ್ಲಿ ಔಷಧಿ. ಮೂರು ವಾರ ಯಾರೂ ಮುಚ್ಚಳ ತೆಗೀಬಾರ್ದು."

"ಕಲ್ಲು ಎಷ್ಟ್ ದಪ್ಪ ಅದೆ?"

"ಸಾಸಿವೆಕಾಳಷ್ಟು."

ಮಂಚಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋದಳು. ಇಷ್ಟು ಸಲೀಸಾಗಿ ಸುಳ್ಳು ಬಂದೀತು ಎಂದು ಮಹೇಂದ್ರನಿಗೂ ಗೊತ್ತಿರಲಿಲ್ಲ. ಅವನ ಕಿವಿ ಬಿಸಿಯಾಯಿತು. ಆದರೂ ಡಬ್ಬ ಎತ್ತಿಡಲಿಲ್ಲ.

ಮೊದಲ ಮೂರು ದಿನ ಮುಚ್ಚಳದ ಕೊಳವೆಯಲ್ಲಿ ಗುಳುಗುಳು ಗುಳ್ಳೆ ಬಂತು. ನಾಲ್ಕನೆಯ ದಿನ ಕಮ್ಮಿಯಾಯಿತು. ಆರನೆಯ ದಿನ ನಿಂತೇಹೋಯಿತು. ಸಕ್ಕರೆ ಎಷ್ಟು ಉಳಿದಿದೆ ಎಂದು ತೋರಿಸುವ ಗಾಜಿನ ಕಡ್ಡಿ ತೇಲಿಬಿಟ್ಟು ನೋಡಿದರೆ ಯೀಸ್ಟ್ ಅರ್ಧ ಸಕ್ಕರೆಯನ್ನೂ ತಿಂದಿಲ್ಲ. ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡ. ಬೆಣ್ಣೆಯ ವಾಸನೆ, ಹಿಂದೆಯೇ ಹುಳಿ, ಕೊನೆಗೆ ಎಲ್ಲೋ ಉಪ್ಪುಪ್ಪು.

ರವಿಕುಮಾರನಿಗೆ ಫೋನು ಹೋಯಿತು. "ಬೆಣ್ಣೆ ವಾಸನೆ ಲಾಗರಿಗೆ ಮಾಮೂಲು ಕಣೋ. ಚಳಿಗೆ ಯೀಸ್ಟ್ ಮುದುರಿಕೊಂಡಿದೆ. ಎರಡು ದಿನ ಹದಿನೆಂಟು ಡಿಗ್ರಿಗೆ ಏರಿಸು, ಎದ್ದು ತಾನೇ ಆ ವಾಸನೆ ತಿಂದುಹಾಕ್ತದೆ," ಎಂದ ಅವನು. ಮಹೇಂದ್ರ ಏರಿಸಿದ. ಬೆಣ್ಣೆ ಹೋಗಲಿಲ್ಲ, ಹುಳಿ ಇನ್ನೂ ಏರಿತು. ಹೊಸ ಯೀಸ್ಟ್ ತರಿಸಿ ಬೆರೆಸಿದ. ಎರಡು ಗುಳ್ಳೆ ಬಂದು ಸುಮ್ಮನಾಯಿತು. ತಳದಲ್ಲಿ ಬಿಳಿ ಗಸಿ ಕೂತಿದ್ದು ಕಂಡು, ಯೀಸ್ಟ್ ಬೆಳೆಯುತ್ತಿದೆ ಎಂದು ಒಂದು ದಿನ ಹಿಗ್ಗಿದ. ಪಾಪ, ಆ ಹಿಗ್ಗೂ ಸುಳ್ಳೇ.

ಕೊನೆಗೆ ಡಬ್ಬದ ಹೊರಗೆ ಪೆನ್ನಿನಲ್ಲಿ ಗೀಟು ಹಾಕಿ ನೋಡಿದ. ನಾಲ್ಕು ದಿನಕ್ಕೆ ಮಟ್ಟ ಗೀಟಿನಿಂದ ಒಂದು ಬೆರಳು ಮೇಲೆ ಬಂದಿತ್ತು. ಫೋನಿನಲ್ಲಿ ಅದನ್ನು ಕೇಳಿ ರವಿಕುಮಾರ್ ನಕ್ಕುಬಿಟ್ಟ. "ಬಿಯರ್ ತಾನಾಗೇ ಹೆಚ್ಚಾಗಲ್ಲ ಕಣೋ ಮೇಷ್ಟ್ರೇ. ಯಾರೋ ಮುಚ್ಚಳ ತೆಗೀತಾವ್ರೆ."

ಯಾರೋ ಎಂದರೆ ಮನೆಯಲ್ಲಿ ಇನ್ನಾರು? ಮಹೇಂದ್ರ ನೇರವಾಗಿ ಹೆಂಡತಿ ವನಜಾಕ್ಷಿಯ ಮೇಲೆ ಬಿದ್ದ. ಹಾಲಿನ ಪಾತ್ರೆ ತೊಳೆದ ಕೈಯನ್ನೇ ಅದರಲ್ಲಿ ಅದ್ದಿರಬೇಕು, ಮೈಮೇಲೆ ಜ್ಞಾನವಿಲ್ಲ ಎಂದೆಲ್ಲ ಕೂಗಾಡಿದ. ಅದು ಎಂಥ ಔಷಧಿ ಎಂದು ವನಜಾಕ್ಷಿಗೆ ಮೊದಲಿನಿಂದಲೂ ಗೊತ್ತಿತ್ತು, ಬೇಡವೆಂದೂ ಹೇಳಿದ್ದಳು. ಈಗ ಅವಳು ಒಂದೇ ಮಾತು ಆಡಿದಳು.

"ಕುಡಿಯೋಕ್ ಮುಂಚೇನೇ ಈಪಾಟಿ ಕೂಗಾಡ್ತಿದ್ದೀರಲ್ಲ."

ಅಡುಗೆಮನೆಯಿಂದ ಮಂಚಮ್ಮ ಇಣುಕಿ, ತಲೆ ತಗ್ಗಿಸಿ ಒಳಗೆ ಸರಿದದ್ದನ್ನು ಮಹೇಂದ್ರ ನೋಡಿದ. ಕೂಗಿಗೆ ಹೆದರಿದ್ದಾಳೆ ಎಂದುಕೊಂಡ, ಅಷ್ಟೇ.

ಎರಡು ದಿನ ಕಳೆಯಿತು. ಜನಗಣತಿ ತರಬೇತಿ ಎಂದು ಬಿಳಿಗೆರೆಗೆ ಹೋಗಿದ್ದವನು, ತರಬೇತಿ ಕೊಡುವವರೇ ಬಾರದ್ದರಿಂದ ಬೆಳಗ್ಗೆ ಹನ್ನೊಂದಕ್ಕೆಲ್ಲ ಮನೆಗೆ ವಾಪಸಾದ. ವನಜಾಕ್ಷಿ ಮಾರುಕಟ್ಟೆಗೆ ಹೋಗಿದ್ದಳು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಬ್ಬು. ಫ್ರಿಜ್ಜಿನ ಮುಂದೆ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು.

"ಯಾರದು?" ಎಂದು ಗದರಿಸಿ, ಲೈಟು ಹಾಕಲು ಕೈಯೆತ್ತಿದ.

ಸೌಟು ನೆಲಕ್ಕೆ ಬಿತ್ತು. ಮಂಚಮ್ಮ ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡಳು. "ಒಡೀಬ್ಯಾಡಿ," ಎಂದಳು. "ಇನ್ನೊಂದ್ ದಪ ಆಕಲ್ಲ, ಒಡೀಬ್ಯಾಡಿ."

ಮಗನಿಗೆ ಮಂಚಮ್ಮ ಯಾವತ್ತೂ ಬಹುವಚನ ಕೊಟ್ಟವಳಲ್ಲ. ಆ ಮಾತು ತನಗೆ ಹೇಳಿದ್ದಲ್ಲ ಎಂಬುದು ಮಹೇಂದ್ರನಿಗೆ ತಕ್ಷಣ ಗೊತ್ತಾಯಿತು. ಎತ್ತಿದ ಕೈಯನ್ನು ಇಳಿಸಲೂ ಅವನಿಗೆ ತೋಚಲಿಲ್ಲ. ಲೈಟು ಹಾಕಿದ. ಅವಳು ತೋಳು ಸರಿಸಿ ನೋಡಿ, ಮಗ ಎಂದು ಕಂಡು, ಸೆರಗು ಎಳೆದುಕೊಂಡಳು. ಪಕ್ಕದಲ್ಲಿ ಸ್ಟೀಲಿನ ಪಾತ್ರೆ ಇತ್ತು. ಅದರಲ್ಲಿ ಕಲ್ಲುಪ್ಪು ಹಾಕಿ ಕಡೆದ ಮಜ್ಜಿಗೆ.

"ಮಜ್ಗೆ ಬಿದ್ರೆ ನಿಶೆ ಮುರೀತದೆ ಕಣಪ್ಪ," ಎಂದಳು, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. "ದಿನಾ ಒಂದ್ ಸೌಟು ಬಿಡ್ತಿದ್ದೆ. ನಿಮ್ಮಪ್ಪನ್ ಬಾಟ್ಲಿಗೂ ಇಂಗೇ ವಸಿ ವಸಿ ಬಿಡ್ತಿದ್ದೆ. ಗೊತ್ತಾದ್ ದಿನ ಒದೆ ಬೀಳದು. ಗೊತ್ತಾಗ್ದಿದ್ ದಿನ ಬ್ಯಾಗ ಮಲಿಕೋತಿದ್ರು."

ಬೆಣ್ಣೆ ವಾಸನೆ, ಹುಳಿ, ಉಪ್ಪು, ಬಿಳಿ ಗಸಿ, ಏರಿದ ಮಟ್ಟ, ಎಲ್ಲಕ್ಕೂ ಉತ್ತರ ಆ ಪಾತ್ರೆಯಲ್ಲಿತ್ತು. ಈಗ ಮಹೇಂದ್ರನಿಗೆ ಆ ಉತ್ತರ ಬೇಕಿರಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತವ್ವ?"

"ನೀನು ಔಷ್ದಿ ಅಂದಾಗ್ಲೇ. ಅವ್ರೂ ಕಾಲುನೋವಿಗೆ ಔಷ್ದಿ ಅಂತ್ಲೇ ತರ್ತಿದ್ರು."

"ಇದು ಬರೀ ಬಿಯರ್ ಕಣವ್ವ. ನೂರಕ್ಕೆ ಐದು ಪಾಲೂ ನಿಶೆ ಇರಲ್ಲ," ಎಂದು ಮಹೇಂದ್ರ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ತನ್ನ ಮಾತಿಗೆ ತನಗೇ ಅಸಹ್ಯವಾಯಿತು. ಮಂಚಮ್ಮ ಮಾತ್ರ ಅದೂ ಒಂದು ತಿಳಿವಳಿಕೆಯ ಮಾತೇ ಇರಬೇಕು ಎಂಬಂತೆ ತಲೆಯಾಡಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅತ್ತಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ಎರಡನ್ನೂ ಮಾಡದೆ, ಬಿದ್ದ ಸೌಟನ್ನು ಎತ್ತಿ, ನೆಲಕ್ಕೆ ಚೆಲ್ಲಿದ್ದ ಮಜ್ಜಿಗೆಯನ್ನು ಬಟ್ಟೆಯಲ್ಲಿ ಒರೆಸತೊಡಗಿದಳು. ಆರು ವರ್ಷದ ಹಿಂದೆ ಇಟ್ಟ ಆಣೆಯ ಸುದ್ದಿಯನ್ನೂ ಎತ್ತಲಿಲ್ಲ.

"ಚೆಲ್ಲಿಬಿಡ್ತೀನಿ," ಎಂದ ಮಹೇಂದ್ರ.

ಡಬ್ಬ ಭಾರವಿತ್ತು. ಬೇಡ ಎಂದರೂ ಕೇಳದೆ ಮಂಚಮ್ಮ ಇನ್ನೊಂದು ಕಡೆ ಹಿಡಿದುಕೊಂಡಳು. ಇಬ್ಬರೂ ಮನೆಯ ಪಕ್ಕದ ಮೋರಿಯವರೆಗೆ ಹೊತ್ತು ತಂದು ಬಗ್ಗಿಸಿದರು. ಹುಳಿ ವಾಸನೆ ಬೀದಿಗೆಲ್ಲ ಹರಡಿತು. ಎದುರುಮನೆ ಗುರುಬಸಮ್ಮ ಜಗಲಿಗೆ ಬಂದು ಮೂಗಿಗೆ ಸೆರಗು ಹಿಡಿದು ನಿಂತರು.

"ಏನ್ ಮಂಚಮ್ಮ ಅದು, ಇಂಗ್ ನಾತ ಒಡೀತದೆ?"

ಮಂಚಮ್ಮ ಹಿಂದುಮುಂದು ನೋಡಲಿಲ್ಲ.

"ದ್ವಾಸೆ ಇಟ್ಟು ಕನವ್ವ. ನೆಂಟ್ರು ಬತ್ತಾರೆ ಅಂತ ರಾಶಿ ರುಬ್ಬಿಸ್ಬುಟ್ಟಿದ್ದೆ. ಅವ್ರು ಬರ್ಲಿಲ್ಲ, ಇದು ಉಳಿ ಬಂದೋಯ್ತು."

"ಅಯ್ಯೋ, ಅಷ್ಟೊಂದಾ?"

"ಊ ಕನವ್ವ, ನಂದೇ ತಪ್ಪು. ಆಯಪ್ಪ ಇಸ್ಕೂಲಿಂದ ಬಂದು ಚೆಲ್ಲಿಕೊಡ್ತಾವ್ನೆ."

"ಪುಣ್ಯ ಮಾಡಿದ್ದೀಯ ಬುಡು, ಇಂತಾ ಮಗನ್ನ ಪಡೆಯಾಕೆ," ಎಂದು ಗುರುಬಸಮ್ಮ ಒಳಗೆ ಹೋದರು.

ಎಷ್ಟು ಲೀಲಾಜಾಲವಾಗಿ ಬಂತು ಆ ಸುಳ್ಳು. ನೆಂಟರು, ರುಬ್ಬಿಸಿದ್ದು, ಹುಳಿ ಬಂದದ್ದು, ಯಾವುದಕ್ಕೂ ಅವಳು ತಡವರಿಸಲಿಲ್ಲ. ಇಂಥದನ್ನು ಅವಳು ಹೆಮ್ಮಿಗೆಯಲ್ಲಿ ಎಷ್ಟು ವರ್ಷ, ಎಷ್ಟು ಮನೆಯವರ ಮುಂದೆ ಹೇಳಿದ್ದಳೋ. ಮೂವತ್ತು ವರ್ಷ ಗಂಡನಿಗಾಗಿ ಆಡಿ, ಆರು ವರ್ಷ ಬಿಟ್ಟಿದ್ದಳು. ಇವತ್ತು ಮಗ ಮತ್ತೆ ಆಡಿಸಿದ. ಮಹೇಂದ್ರ ಖಾಲಿ ಡಬ್ಬ ಹಿಡಿದು ತಲೆ ತಗ್ಗಿಸಿ ನಿಂತೇ ಇದ್ದ.

ಮಂಚಮ್ಮ ಮೋರಿಗೆ ನೀರು ಹಾಕಿ ಕಡ್ಡಿಪೊರಕೆಯಲ್ಲಿ ತಳ್ಳುತ್ತಿದ್ದವಳು, ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು:

"ನೀನ್ ಒಳೀಕ್ ಓಗಪ್ಪ. ಯಾರಾರ ನೋಡಾರು."

ಮಹೇಂದ್ರ ಒಳಗೆ ಹೋದ. ಅಪ್ಪನೂ ಹೀಗೇ ಹೋಗುತ್ತಿದ್ದ.