ಗಿಡ್ಡ ಚುಕ್ಕಿ

ನನ್ನ ಅಣ್ಣ ಹಂಪಣ್ಣ ಬೆಂಗಳೂರಿನಲ್ಲಿದ್ದುಕೊಂಡು ಅಭ್ಯಾಸ ಮಾಡುತ್ತಿದ್ದದ್ದು ಕಣ್ಣಿಗೆ ಕಾಣದ ನಕ್ಷತ್ರಗಳನ್ನು. ಸೂರ್ಯನಿಗಿಂತ ಸಣ್ಣವು, ಕಾವು ಕಡಿಮೆ, ಬಣ್ಣ ಕೆಂಪು. ಸುಮ್ಮನಿದ್ದು ಸುಮ್ಮನಿದ್ದು ಯಾವಾಗಲೋ ಒಮ್ಮೆ ಸಿಡಿಯುತ್ತವೆ. ಆಗ ಅವು ಹೊರಡಿಸುವ ರೇಡಿಯೊ ಅಲೆಗಳನ್ನು ಹಿಡಿಯುವುದು ಅವನ ಕೆಲಸ. ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ ಮಾತ್ರ ಮಗ ರೇಡಿಯೊ ರಿಪೇರಿ ಕಲಿಯುತ್ತಿದ್ದಾನೆ ಎಂದೇ ಗಿರಾಕಿಗಳಿಗೆ ಹೇಳುತ್ತಿದ್ದ.

೧೯೮೬ರಲ್ಲಿ ನಾನು ಬಿ.ಎಸ್ಸಿ. ಮುಗಿಸಿದ್ದೆ. ನನಗೂ ಅದೇ ಓದು ಬೇಕಿತ್ತು. ಹಟ ಹಿಡಿದು ಅಪ್ಪನನ್ನು ಒಪ್ಪಿಸಿದೆ. "ಅಣ್ಣನ ಮನ್ಯಾಗ ಇದ್ದು ಓದೋದಿದ್ರ ಹೋಗು" ಅಂದ. ಟ್ರಂಕು ಕೂಡ ತಂದಾಗಿತ್ತು.

ನನ್ನನ್ನು ಕರೆದೊಯ್ಯಲು ಬಂದ ಅಣ್ಣನನ್ನು ಮಸ್ಕಿಯ ಶಾಲೆಯೊಂದರವರು ಭಾಷಣಕ್ಕೆ ಕರೆದರು. ಆ ನಕ್ಷತ್ರಗಳನ್ನು 'ಕೆಂಪು ಕುಬ್ಜ' ಅಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ, 'ಗಿಡ್ಡ ಚುಕ್ಕಿ' ಅನ್ನು ಎಂದು ಹೇಳಿಕೊಟ್ಟವಳು ನಾನೇ. ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ಅಣ್ಣನ ಮಾತು ಯಾರ ತಲೆಗೂ ಹೋಗಲಿಲ್ಲ, ಜನ ಆಕಳಿಸತೊಡಗಿದರು. ಅವನು ನನ್ನ ಕಡೆ ಕೈ ಮಾಡಿದ.

"ನಮ್ಮ ತಂಗಿ ಗುರುಲಿಂಗಮ್ಮನ್ನ ನೋಡ್ರಿ. ಗಿಡ್ಡಿ. ಸುಮ್ಮ ಕುಂತಾಳ, ತಣ್ಣಗ ಅದಾಳ ಅಂತೀರಿ. ಯಾವಾಗ ಸಿಡೀತಾಳ ಆ ಶಿವನಿಗೂ ಗೊತ್ತಿಲ್ಲ. ಆ ಚುಕ್ಕೀನೂ ಹಿಂಗ!"

ಶಾಲೆಗೆ ಶಾಲೆಯೇ ನಕ್ಕಿತು. ಇದ್ದಕ್ಕಿದ್ದಂತೆ ಎಲ್ಲರಿಗೂ ಖಗೋಳಶಾಸ್ತ್ರ ಅರ್ಥವಾಗಿಬಿಟ್ಟಿತ್ತು. ಗಿಡ್ಡಿ ಎಂದು ಬೇರೆಯವರು ಅಂದರೆ ಅಲ್ಲೇ ತಿರುಗಿ ಅನ್ನುತ್ತಿದ್ದೆ. ಅಣ್ಣ ಎಂದೂ ಅಂದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು, "ಭಾಷಣ ಭಾರೀ ಆತಲ್ಲ?" ಅಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಮನೆಗೆ ಬಂದವಳೇ ಅಪ್ಪನಿಗೆ, "ನಾ ಹೋಗಂಗಿಲ್ಲ. ಓದಾಕ ಮನಸಿಲ್ಲ" ಅಂದೆ. ಅಣ್ಣ ಒಂದು ಸಲ ಕಾರಣ ಕೇಳಿದ, ನಾನು ಹೇಳಲಿಲ್ಲ. ಇನ್ನೊಂದು ಸಲ ಕೇಳುತ್ತಾನೆ, ಆಗ ಚೆನ್ನಾಗಿ ಬೈದು, ಅತ್ತು, ಟ್ರಂಕು ತುಂಬಿಕೊಳ್ಳೋಣ ಎಂದು ಕಾದೆ. ಅವನು ಕೇಳಲಿಲ್ಲ. ಒಬ್ಬನೇ ಬಸ್ಸು ಹತ್ತಿದ.

ಮುಂದೆ ನನ್ನನ್ನು ಸಿಂಧನೂರಿನ ಅಕ್ಕಿ ವ್ಯಾಪಾರಿಗೆ ಕೊಟ್ಟರು. ಗಂಡ ಒಳ್ಳೆಯವನೇ. ಆದರೂ ಅನ್ನ ಬಸಿಯುವಾಗ, ಮಕ್ಕಳ ಲೆಕ್ಕ ತಿದ್ದುವಾಗ, ಅಣ್ಣನ ಮೇಲಿನ ಸಿಟ್ಟನ್ನು ನನ್ನ ಓದಿನ ಮೇಲೆ ತೀರಿಸಿಕೊಂಡೆನಲ್ಲ ಎಂದು ಸಂಕಟವಾಗುತ್ತಿತ್ತು.

೧೯೯೬ರಲ್ಲಿ ಅಣ್ಣ ನಮ್ಮ ಮನೆಗೆ ಬಂದ. ಊಟ ಮಾಡುತ್ತ ಹೇಳಿದ: "ನನ್ನ ಕೈಕೆಳಗ ಓದೋ ಹುಡುಗಿ ಒಬ್ಬಾಕಿ ಈ ವರ್ಷ ಅಂಥಾ ಚುಕ್ಕಿ ಸಿಡಿಯೋದನ್ನ ಹಿಡಿದಾಳ. ನೀ ನೆನಪಾದಿ. ಅವತ್ತು ಯಾಕ ಬರಲಿಲ್ಲಬೇ?"

ಹತ್ತು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ.

"ಹಂಗ ಅಂದಿದ್ನೇನು? ನನಗ ಖರೇನ ನೆನಪಿಲ್ಲ" ಅಂದ. ಆಮೇಲೆ ಮೆಲ್ಲಗೆ, "ಅಷ್ಟಕ್ಕ ಓದು ಬಿಟ್ಟಿಯೇನು?" ಅಂದ.

ಅಷ್ಟಕ್ಕೇ ಅಲ್ಲ ಅನ್ನಲು ಬಾಯಿ ತೆರೆದೆ. ಬೇರೆ ಕಾರಣ ಹುಡುಕಿದೆ. ಒಂದೂ ಸಿಗಲಿಲ್ಲ.

"ಹೂಂ. ಅಷ್ಟಕ್ಕ" ಅಂದೆ.