ಎರಡನೇ ಬಾವಿಯ ಕಲ್ಲು

"ಚೊಂಬು ಇತ್ತ ಕೊಡು," ಎಂದು ಮಧುನಮ್ಮ ಗಟ್ಟಯ್ಯನ ಕೈಯಿಂದ ಚೊಂಬನ್ನು ಕಿತ್ತುಕೊಂಡಳು.

ಗಣಿ ಕಾಲೊನಿಯ ಅಂಗಳದಲ್ಲಿ, ಬೇವಿನ ಮರದಡಿಯ ಹಲಗೆಯ ಮೇಲೆ ಅವಳ ಗಂಡ ಓದೇಲುವನ್ನು ಮಲಗಿಸಿದ್ದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ನಿವೃತ್ತಿಗೆ ಇನ್ನೂ ಏಳು ತಿಂಗಳಿತ್ತು. ಕಲ್ಲಿದ್ದಲ ಬಾವಿಯೊಳಗೆ ಛಾವಣಿಗೆ ಕಂಬ ಕೊಡುವ ಕೆಲಸ ಅವನದು. ಗಟ್ಟಯ್ಯ ಇಪ್ಪತ್ತೆರಡು ವರ್ಷದಿಂದ ಅದೇ ಕಂಬದ ಇನ್ನೊಂದು ತುದಿ ಹಿಡಿದವನು.

"ನೀರು ಭಾಳ ಬಿಸಿ ಅದಾವ, ವೈನಿ. ಅಣ್ಣಗ ಉಗುರು ಬೆಚ್ಚಗಿದ್ರ ಸಾಕು."

"ಮೂವತ್ತಾರು ವರ್ಷ ಈ ಮೈಯಾಗಿನ ಕರಿ ತೊಳದಾಕಿ ನಾನು. ನೀ ನನಗ ನೀರು ಕಾಸೋದು ಕಲಸಬ್ಯಾಡ."

ಗಟ್ಟಯ್ಯ ಹಿಂದೆ ಸರಿದ. ಅವನ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು. ಮಧುನಮ್ಮನಿಗೆ ಇನ್ನೂ ಅಳು ಬಂದಿರಲಿಲ್ಲ. ಕಾಲೊನಿಯ ಹೆಂಗಸರು ಅದನ್ನು ಆಗಲೇ ಗಮನಿಸಿದ್ದರು. ನಮ್ಮಲ್ಲಿ ಸಾವಿನ ಮನೆಗೆ ಬಂದವರು ಹೆಣಕ್ಕಿಂತ ಹೆಂಡತಿಯನ್ನೇ ಹೆಚ್ಚು ನೋಡುವುದು.

ಗಣಿಯವರು ಜಗಲಿಯ ಮೇಲೆ ಕೂತು ಓದೇಲುವಿನ ಮಾತುಗಾರಿಕೆಯನ್ನು ನೆನೆಯುತ್ತಿದ್ದರು. ಬಾವಿಯೊಳಗೆ ಊಟದ ಹೊತ್ತಿಗೆ ಅವನು ಬಾಯಿ ತೆರೆದರೆ ನಕ್ಕು ನಕ್ಕು ತುತ್ತು ನೆತ್ತಿಗೇರುತ್ತಿತ್ತಂತೆ. ಮಧುನಮ್ಮ ಮೊದಲು ಬೇರೆ ಯಾರದೋ ಮಾತೆಂದುಕೊಂಡಳು. ಆಮೇಲೆ ಗಟ್ಟಯ್ಯನೇ ಅವಳ ಕಡೆ ತಿರುಗಿದ.

"ನಿಮ್ಮ ಪುಂಡಿಪಲ್ಯದ ಡಬ್ಬಿ ತೆಗೆದಾಗೆಲ್ಲ ಒಂದೇ ಮಾತು, ವೈನಿ. ಮದುವಿಗಿಂತ ಮೊದಲಿನ ಬತುಕಮ್ಮ ಹಬ್ಬದಾಗ ನೀವು ಹೂವಿನ ತಟ್ಟಿ ಹೊತ್ತು ಕೆರಿಗಿಳಿದು, ಕಾಲು ಜಾರಿ ಬಿದ್ದು, ನೀರಾಗ ಕೂತೇ ನಕ್ಕಿದ್ರಂತ. ಆ ನಗಿ ನೋಡೇ ಈಕೀನ್ನ ಮದುವಿಗೆ ಕೇಳಿದೆ ಅಂತಿದ್ದ. ಈ ಪಲ್ಯಕ್ಕ ಸಮ ಜಗತ್ತಿನಾಗ ಇಲ್ಲಂತಿದ್ದ."

ಚೊಂಬಿನ ನೀರು ಮಧುನಮ್ಮನ ಕಾಲ ಮೇಲೆ ಚೆಲ್ಲಿತು.

"ನನಗ ಹೇಳಿಲ್ಲ," ಎಂದಳು.

* * *

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಪ್ರಕಾರ ಮಧುನಮ್ಮನಷ್ಟು ಬಂಗಾರ ಕಂಡ ಹೆಂಗಸು ಕಾಲೊನಿಯಲ್ಲಿ ಇನ್ನೊಬ್ಬಳಿರಲಿಲ್ಲ. ಬಾವಿಯಿಂದ ಬಂದವನು ಮೈ ತೊಳೆದು ಉಂಡು ಮಲಗುತ್ತಿದ್ದ. ಉಪ್ಪು ಕಮ್ಮಿಯಾಗಿದೆಯೇ ಎಂದರೆ ಹೂಂ, ಹೆಚ್ಚಾಗಿದೆಯೇ ಎಂದರೂ ಹೂಂ. ಎರಡನೇ ಪಾಳಿಯ ವಾರ ಮಧ್ಯಾಹ್ನ ಉಣ್ಣಲು ಕೂತಿರುತ್ತಿದ್ದ. ಸೈರನ್ ಕೂಗಿತೆಂದರೆ ಬಾಯಲ್ಲಿ ತುತ್ತಿದ್ದಂತೆಯೇ ಎದ್ದುಬಿಡುತ್ತಿದ್ದ. ಅವಳು ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಸವತಿ ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು, ಬಾವಿಯ ಜೊತೆ ಏನು ಆಡುವುದು?

ಒಮ್ಮೆ ಮಾತ್ರ ಅವನು ತಾನಾಗಿ ಮಾತಾಡಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಊರ ಹೊರಗೆ ಎರಡನೇ ಬಾವಿಗೆ ಕಲ್ಲು ನೆಟ್ಟ ದಿನ ಅದು. ಶಾಮಿಯಾನ, ಮೈಕು, ಎಲ್ಲರಿಗೂ ಲಡ್ಡು. ಹೊಸ ಬಾವಿಗೆ ಕೂತು ಇಳಿಯುವ ಕುರ್ಚಿ ಹಗ್ಗ ಬರುತ್ತದೆ, ಹಳೆಯದರಂತೆ ಸಾವಿರ ಮೆಟ್ಟಿಲು ಇಳಿಯಬೇಕಿಲ್ಲ, ತೆರೆಯುವ ದಿನ ಮನೆಯವರನ್ನೂ ಒಳಗೆ ಕರೆದೊಯ್ಯುತ್ತಾರೆ ಎಂದು ಸಾಹೇಬರು ಹೇಳಿದ್ದರು. ಮನೆಗೆ ಬರುವ ದಾರಿಯಲ್ಲಿ ಓದೇಲು, "ನಿನ್ನೂ ಕರಕೊಂಡು ಹೋಗ್ತೀನಿ. ಒಳಗ ನಾ ಹೆಂಗಿರ್ತೀನಿ ನೋಡೀಯಂತ," ಎಂದಿದ್ದ.

ಅವಳು ಆ ವಾರವೇ ಒಂದು ಗಟ್ಟಿ ಚಪ್ಪಲಿ ಕೊಂಡಿಟ್ಟಳು. ಕಾಡು ಕಡಿಯಲು ಅನುಮತಿ ಕೇಳಿದ ಫೈಲು ದಿಲ್ಲಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಕಲ್ಲಿನ ಮೇಲಿನ ಹೆಸರುಗಳು ಮಾಸಿದವು. ಆಡುಗಳು ಅದಕ್ಕೆ ಬೆನ್ನು ತಿಕ್ಕತೊಡಗಿದವು. ಚಪ್ಪಲಿಯನ್ನು ಕೊನೆಗೆ ಮಗಳು ಸ್ವರೂಪ ಸವೆಸಿದಳು.

* * *

ಚಟ್ಟ ಎದ್ದಿತು. ನಮ್ಮ ಪದ್ಧತಿಯಲ್ಲಿ ಅರ್ಧ ದಾರಿಗೆ ಚಟ್ಟವನ್ನು ಇಳಿಸಿ, ಸತ್ತವನ ಕಿವಿಯಲ್ಲಿ ಮೂರು ಸಲ ಕೂಗುತ್ತಾರೆ. ಅಪ್ಪಿತಪ್ಪಿ ಜೀವವಿದ್ದರೆ ಓಗೊಡಲಿ ಎಂದು. ಹೆಂಗಸರು ಅಲ್ಲಿಂದ ಹಿಂದಿರುಗಬೇಕು. ಕೂಗುವವನು ಮಗ, ಓದೇಲುವಿಗೆ ಮಗನಿರಲಿಲ್ಲ. ಅವನ ಅಣ್ಣ ಕನಕಯ್ಯನಿಗೆ ಉಬ್ಬಸವಿದ್ದುದರಿಂದ ಗಟ್ಟಯ್ಯನೇ ಕೂಗಲಿ ಎಂದು ಗಂಡಸರು ತೀರ್ಮಾನಿಸಿದ್ದರು. ಹಳೆ ಬಾವಿಯ ಬಾಯಿಗೆ, ಮೈಸಮ್ಮನ ಗುಡಿಯ ಮುಂದೆ ಇಳಿಸುವುದೆಂದೂ ಮಾತಾಗಿತ್ತು.

ಎರಡನೇ ಬಾವಿಯ ಕಲ್ಲಿನ ಹತ್ತಿರ ಬರುತ್ತಲೇ ಮಧುನಮ್ಮ ಚಟ್ಟದ ಮುಂದೆ ಹೋಗಿ ನಿಂತಳು.

"ಇಲ್ಲೇ ಇಳಸ್ರಿ."

"ಇದು ಖಾಲಿ ಜಾಗ, ವೈನಿ," ಎಂದ ಗಟ್ಟಯ್ಯ. "ಇಲ್ಲೇನದ? ಬಾವಿ ಅಲ್ಲಿ ಅದ, ಅವನು ದುಡದ ಬಾವಿ. ಹುಡುಗರೆಲ್ಲ ಅಲ್ಲೇ ಕಾಯಾಕತ್ತಾರ."

"ಅಲ್ಲಿ ಮೂವತ್ತಾರು ವರ್ಷ ನಿಮ್ಮ ಜೋಡಿ ಇದ್ದ. ಸಾಕಾತು."

ಕನಕಯ್ಯ ಕೈಸನ್ನೆ ಮಾಡಿದ, ಚಟ್ಟ ಇಳಿಯಿತು. ಆಡೊಂದು ಎದ್ದು ದೂರ ಹೋಯಿತು. ಗಟ್ಟಯ್ಯ ಕಿವಿಯ ಹತ್ತಿರ ಬಗ್ಗಲು ಬಂದಾಗ ಮಧುನಮ್ಮ ಅವನ ಹೆಗಲಿಗೆ ಕೈಯಿಟ್ಟು ತಡೆದಳು.

"ನಿನಗ ಅವನು ಎಲ್ಲಾ ಹೇಳ್ಯಾನ. ಇದೊಂದು ನನಗ ಬಿಡು."

ಹೆಂಗಸರು ಕೂಗುವುದು ಪದ್ಧತಿಯಲ್ಲ ಎಂದು ಯಾರೋ ಗೊಣಗಿದರು. ಗಟ್ಟಯ್ಯ ಅವರ ಕಡೆ ನೋಡಿ, ಮುಖ ಒರೆಸಿಕೊಂಡು ಪಕ್ಕಕ್ಕೆ ನಿಂತ.

ಮಧುನಮ್ಮ ಮಣ್ಣಿನಲ್ಲಿ ಮೊಣಕಾಲೂರಿದಳು. ಗಂಡನ ಕಿವಿಗೆ ಬಾಯಿಟ್ಟು, ಹತ್ತಿರವಿದ್ದ ನಾಲ್ಕು ಜನಕ್ಕಷ್ಟೇ ಕೇಳುವ ಹಾಗೆ ಕೇಳಿದಳು: "ಪಲ್ಯ ಹೆಂಗಿತ್ತು?"

ಮತ್ತೊಮ್ಮೆ ಕೇಳಿದಳು. ಮೂರನೆಯ ಸಲ ಅವಳ ದನಿ ಒಡೆಯಿತು. ಆಮೇಲೆ ಮುಖ ತಿರುಗಿಸಿ ಅವನ ತುಟಿಗೆ ತನ್ನ ಕಿವಿ ಹಚ್ಚಿ ಕೂತಳು.

ಅಷ್ಟರಲ್ಲಿ ಎರಡನೇ ಪಾಳಿಯ ಸೈರನ್ ಕೂಗಿತು. ಹೊತ್ತವರಲ್ಲಿ ಇಬ್ಬರು ಆ ಪಾಳಿಯವರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಟ್ಟಯ್ಯ ಬಗ್ಗಿ ಬಿದಿರಿಗೆ ಕೈ ಹಾಕಿದ.

"ತಡಿ," ಎಂದಳು ಮಧುನಮ್ಮ, ಕಿವಿ ತೆಗೆಯದೆ.

ಸೈರನ್ ಪೂರ್ತಿ ಕೂಗಿ ನಿಂತಿತು. ಓದೇಲು ಎದ್ದು ಹೋಗಲಿಲ್ಲ.